ಹಳೆ ಕಂಪ್ಯೂಟರಿಗೆ ಹೊಸ ವಿಂಡೋಸ್: ಮೊದಲು ಫೋಟೊ, ಫೈಲು ಜೋಪಾನ!

ಹಾಲ್‌ನ ಮೂಲೆಯಲ್ಲಿ, ಟಿವಿ ಸ್ಟ್ಯಾಂಡಿನ ಪಕ್ಕ, ಕ್ರೋಷಾ ಹೊದಿಕೆ ಹೊದ್ದು ಕೂತ ಹಳೆ ಕಂಪ್ಯೂಟರ್ ನಿಮ್ಮ ಮನೆಯಲ್ಲೂ ಇದೆಯೇ? ಮಕ್ಕಳು ಹೈಸ್ಕೂಲಿನಲ್ಲಿದ್ದಾಗ ಕಂತಿನ ಮೇಲೆ ಕೊಂಡದ್ದು. ಈಗ ಮಕ್ಕಳು ಬೇರೆ ಊರಿನಲ್ಲಿ, ಎಲ್ಲರ ಕೈಯಲ್ಲೂ ಮೊಬೈಲು. ಆದರೂ ಅದನ್ನು ಗುಜರಿಗೆ ಹಾಕಲು ಮನಸ್ಸು ಬರುವುದಿಲ್ಲ. ಮಗಳ ಮೊದಲ ಹುಟ್ಟುಹಬ್ಬದ ಫೋಟೊ ಅದರಲ್ಲೇ ಇದೆ. ಮಾವನವರ ಅರವತ್ತರ ಶಾಂತಿಯ ವಿಡಿಯೊ, ಮೈದುನನ ಮದುವೆಗೆ ಬಂದ ಆಯೇರಿಯ ಪಟ್ಟಿ, ಮನೆ ಕಟ್ಟಿಸಿದಾಗಿನ ಲೆಕ್ಕ, ಎಲ್ಲ ಅದರ ಹೊಟ್ಟೆಯಲ್ಲೇ.

ಇಂಥ ಕಂಪ್ಯೂಟರ್ ಆನ್ ಮಾಡಿದರೆ ಈಗ ಏನಾಗುತ್ತದೆ ಹೇಳಿ? ಬ್ಯಾಂಕಿನ ವೆಬ್‌ಸೈಟು ತೆರೆಯುವುದಿಲ್ಲ. ‘ನಿಮ್ಮ ಬ್ರೌಸರ್ ಹಳೆಯದು’ ಎನ್ನುತ್ತದೆ. ಬ್ರೌಸರ್ ಹೊಸದು ಹಾಕೋಣವೆಂದರೆ ‘ನಿಮ್ಮ ವಿಂಡೋಸ್ ಹಳೆಯದು’ ಎಂಬ ಉತ್ತರ. ಆಗ ನಾವು ಮಾಡುವ ಕೆಲಸ ಒಂದೇ. ರಿಪೇರಿ ಹುಡುಗನಿಗೆ ಫೋನು. ಅವನು ಬಂದವನೇ ಹೇಳುವ ಮಾತೂ ಒಂದೇ: “ಫಾರ್ಮ್ಯಾಟ್ ಹೊಡಿಬೇಕ್ರಿ ಅಕ್ಕಾರ, ಒಂದ್ ತಾಸಿನ ಕೆಲಸ.”

ತಡೀರಿ! ಆ ಒಂದು ತಾಸಿನ ಮೊದಲು ನಾವು ಮಾಡಬೇಕಾದ ಕೆಲಸ ಇದೆ. ಅದಕ್ಕೆ ಕಂಪ್ಯೂಟರ್ ಇಂಜಿನಿಯರಿಂಗ್ ಓದಿರಬೇಕಿಲ್ಲ. ಬಾಡಿಗೆ ಮನೆ ಬದಲಿಸುವಾಗ ಬೆಳ್ಳಿ ಸಾಮಾನನ್ನು ಲಾರಿಗೆ ಹಾಕದೆ ನಮ್ಮ ಕೈಚೀಲದಲ್ಲೇ ಇಟ್ಟುಕೊಳ್ಳುತ್ತೇವಲ್ಲ, ಅಷ್ಟು ಬುದ್ಧಿ ಸಾಕು.

<b>ಯಾಕೆ ಬದಲಿಸಬೇಕು?</b>

ವಿಂಡೋಸ್ ಎಂಬುದು ಆಪರೇಟಿಂಗ್ ಸಿಸ್ಟಮ್. ಕಂಪ್ಯೂಟರಿನ ಒಳಗೆ ಕೂತು ಮನೆವಾರ್ತೆ ನೋಡಿಕೊಳ್ಳುವ ಯಜಮಾನಿ ಅನ್ನಿ. ಅದನ್ನು ತಯಾರಿಸುವ ಮೈಕ್ರೋಸಾಫ್ಟ್ ಕಂಪನಿ ಪ್ರತಿಯೊಂದಕ್ಕೂ ಇಷ್ಟು ವರ್ಷ ಎಂದು ಆಯಸ್ಸು ಬರೆದಿರುತ್ತದೆ. ಎಕ್ಸ್‌ಪಿಯ ಆಯಸ್ಸು 2014ರ ಏಪ್ರಿಲ್ 8ಕ್ಕೆ ಮುಗಿಯಿತು. ವಿಂಡೋಸ್ 7ರದ್ದು 2020ರ ಜನವರಿ 14ಕ್ಕೆ, 8.1ರದ್ದು 2023ರ ಜನವರಿ 10ಕ್ಕೆ. ಇನ್ನೂ ಬಹಳ ಮನೆಗಳಲ್ಲಿರುವ ವಿಂಡೋಸ್ 10ರದ್ದು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆ ಬಳಕೆಯವರಿಗೆಂದು 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಕೊಡುವ ಯೋಜನೆಯೊಂದನ್ನು ಕಂಪನಿ 2024ರಲ್ಲಿ ಪ್ರಕಟಿಸಿತು. ಆದರೆ ಅದು ತಾನಾಗಿ ಬರುವಂಥದ್ದಲ್ಲ, ಹೆಸರು ನೋಂದಾಯಿಸಬೇಕು.

ಆಯಸ್ಸು ಮುಗಿದ ಮೇಲೂ ಕಂಪ್ಯೂಟರ್ ನಡೆಯುತ್ತದೆ, ನಿಲ್ಲುವುದಿಲ್ಲ. ಆದರೆ ಬಾಗಿಲ ಚಿಲಕ ಸಡಿಲವಾದರೆ ರಿಪೇರಿಗೆ ಯಾರೂ ಬರುವುದಿಲ್ಲ ಅಷ್ಟೇ. 2017ರ ಮೇ ತಿಂಗಳಲ್ಲಿ ‘ವಾನ್ನಾಕ್ರೈ’ ಎಂಬ ವೈರಸ್ ಜಗತ್ತಿನ ತುಂಬ ಹಬ್ಬಿದ್ದು ನೆನಪಿದೆಯೇ? ಅದು ಫೈಲುಗಳಿಗೆ ಬೀಗ ಜಡಿದು, ತೆಗೆಯಬೇಕಾದರೆ 300 ಡಾಲರ್ ಕೊಡಿ ಎಂದು ಕೇಳುತ್ತಿತ್ತು. ಅದನ್ನು ತಡೆಯುವ ಅಪ್‌ಡೇಟ್ ಎರಡು ತಿಂಗಳು ಮೊದಲೇ, ಮಾರ್ಚ್‌ನಲ್ಲೇ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ನಿಮ್ಮದು ಯಾವ ವಿಂಡೋಸ್ ಎಂದು ತಿಳಿಯಬೇಕೇ? ಕೀಬೋರ್ಡಿನಲ್ಲಿ ಕಿಟಕಿ ಚಿತ್ರವಿರುವ ಕೀಯನ್ನು ಒತ್ತಿ ಹಿಡಿದು ‘ಆರ್’ ಒತ್ತಿ. ಬಂದ ಪುಟ್ಟ ಚೌಕದಲ್ಲಿ ಡಬ್ಲ್ಯು, ಐ, ಎನ್, ವಿ, ಇ, ಆರ್ ಎಂದು ಆರು ಅಕ್ಷರ ಬರೆದು ಎಂಟರ್ ಕೊಡಿ. ಹೆಸರು ತೆರೆಯ ಮೇಲೆ ಬರುತ್ತದೆ.

<b>ಡೆಸ್ಕ್‌ಟಾಪ್ ಎಂಬ ಮೋಸದ ಜಾಗ</b>

ಈಗ ಮುಖ್ಯ ಮಾತಿಗೆ ಬರುತ್ತೇನೆ. ಹಾರ್ಡ್ ಡಿಸ್ಕನ್ನು ಸಾಮಾನ್ಯವಾಗಿ ಸಿ, ಡಿ ಎಂದು ಕೋಣೆ ಮಾಡಿರುತ್ತಾರೆ. ವಿಂಡೋಸ್ ಇರುವುದು ಸಿ ಡ್ರೈವ್‌ನಲ್ಲಿ. ಫಾರ್ಮ್ಯಾಟ್ ಎಂದರೆ ಆ ಕೋಣೆಯನ್ನು ಪೂರ್ತಿ ತೊಳೆದು ಹೊಸ ವಿಂಡೋಸ್ ಕೂರಿಸುವುದು. ರಿಪೇರಿಯವರು “ಡಿ ಡ್ರೈವ್‌ನಾಗ ಇದ್ದದ್ದು ಏನೂ ಆಗೂದಿಲ್ರಿ” ಎಂದು ಧೈರ್ಯ ಹೇಳುತ್ತಾರೆ. ಸುಳ್ಳಲ್ಲ, ಅದು ನಿಜ. ಆದರೆ ನಮ್ಮ ಫೈಲುಗಳು ಎಲ್ಲಿವೆ ಎಂಬುದು ಪ್ರಶ್ನೆ!

ಕಂಪ್ಯೂಟರ್ ತೆರೆದ ಕೂಡಲೇ ಕಾಣುವ ಡೆಸ್ಕ್‌ಟಾಪ್ ಇದೆಯಲ್ಲ, ಕಣ್ಣೆದುರಿಗೇ ಇರಲಿ ಎಂದು ನಾವೆಲ್ಲ ಅಲ್ಲೇ ಫೋಲ್ಡರ್ ಇಡುತ್ತೇವೆ. ಆ ಡೆಸ್ಕ್‌ಟಾಪ್ ಇರುವುದು ಸಿ ಡ್ರೈವ್‌ನಲ್ಲಿ. ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್, ವಿಡಿಯೋಸ್, ಇವೂ ಸಿ ಡ್ರೈವ್‌ನ ‘ಯೂಸರ್ಸ್’ ಎಂಬ ಫೋಲ್ಡರಿನೊಳಗೇ. ಬೇಕೆಂದು ಯಾರಾದರೂ ಜಾಗ ಬದಲಿಸಿದ್ದರೆ ಮಾತ್ರ ಬೇರೆ. ಅಂದರೆ, ಯಾವುದು ನಮಗೆ ಬಹಳ ಬೇಕೋ ಅದೇ ತೊಳೆಯುವ ಕೋಣೆಯಲ್ಲಿ ಇರುತ್ತದೆ.

ರಾಮದುರ್ಗ ತಾಲೂಕಿನ ಕಟಕೋಳ ನನ್ನ ತವರು. ಅಲ್ಲಿ ನಮ್ಮ ಕಾಕಾ ಕನ್ನಡ ಸಾಲಿ ಮಾಸ್ತರರಾಗಿದ್ದರು. ರಿಟೈರ್ ಆದ ಮೇಲೆ, 2010ರಲ್ಲಿ, ಹುಡುಗರಂತೆ ಹುರುಪಿನಿಂದ ಕಂಪ್ಯೂಟರ್ ತಂದರು. ನಮ್ಮ ಅಮ್ಮ, ಅಂದರೆ ಕಾಕಾನ ತಾಯಿ, ಬೀಸುವಾಗ, ಕುಬುಸದ ಕಾರ್ಯದಲ್ಲಿ, ಮದುಮಕ್ಕಳಿಗೆ ಅರಿಷಿಣ ಹಚ್ಚುವಾಗ ಹಾಡುತ್ತಿದ್ದ ಹಾಡುಗಳನ್ನೆಲ್ಲ ನೆನಪು ಮಾಡಿಕೊಂಡು, ಊರ ಹಿರಿಯ ಹೆಣ್ಣುಮಕ್ಕಳನ್ನು ಕೇಳಿ, ಒಂದೊಂದೇ ಬೆರಳಿನಿಂದ ಟೈಪ್ ಮಾಡಿಟ್ಟರು. ಜೊತೆಗೆ ಡಿಜಿಟಲ್ ಕ್ಯಾಮೆರಾದ ಫೋಟೊಗಳು. ಯಾವ ಫೋಟೊದಲ್ಲೂ ಕಾಕಾ ಇಲ್ಲ, ಕ್ಯಾಮೆರಾ ಹಿಡಿದವರೇ ಅವರು! ಮೊಮ್ಮಗನ ಜಾವಳದ ಒಂದು ಸಣ್ಣ ವಿಡಿಯೊದಲ್ಲಿ ಮಾತ್ರ ಹಿಂದಿನಿಂದ “ನಗ್ರಿ, ಎಲ್ಲಾರೂ ಈ ಕಡೆ ನೋಡಿ ನಗ್ರಿ” ಎಂಬ ಅವರ ದನಿ ಕೇಳುತ್ತದೆ. ಕಾಕಾ ತೀರಿಕೊಂಡು ಈಗ ನಾಲ್ಕು ವರ್ಷ.

ಹೋದ ಸಲ ನಾನು ಊರಿಗೆ ಹೋದಾಗ ಚಿಗವ್ವ ಅದೇ ಕಂಪ್ಯೂಟರ್ ರಿಪೇರಿಗೆ ಹುಡುಗನನ್ನು ಕರೆಸಿದ್ದಳು. ಫ್ಯಾಮಿಲಿ ಪೆನ್ಶನ್ ಖಾತೆ ನೋಡಬೇಕು, ಪುಣೆಯ ಮಗನ ಜೊತೆ ದೊಡ್ಡ ಪರದೆಯಲ್ಲಿ ಮಾತಾಡಬೇಕು ಎಂಬ ಆಸೆ ಅವಳಿಗೆ. ಅದರಲ್ಲಿದ್ದದ್ದು ವಿಂಡೋಸ್ 7. ಗೂಗಲ್‌ನ ಕ್ರೋಮ್ ಬ್ರೌಸರ್ 2023ರ ಆರಂಭದಲ್ಲೇ ವಿಂಡೋಸ್ 7ರ ಕೈ ಬಿಟ್ಟಿತ್ತು, ಹಾಗಾಗಿ ಬ್ಯಾಂಕಿನ ಪುಟ ತೆರೆಯುತ್ತಿರಲಿಲ್ಲ. ಹುಡುಗ ಒಳ್ಳೆಯವನೇ, ಕೆಲಸ ಬಲ್ಲವನೇ. ಫಾರ್ಮ್ಯಾಟ್ ಮಾತು ತೆಗೆದ.

“ಹಾಡಿನ ಫೈಲು ಎಲ್ಲದಾವ ಚಿಗವ್ವ?” ಎಂದೆ.

“ನಂಗೇನ್ ಗೊತ್ತವಾ. ಕಂಪ್ಯೂಟರ್ ಹಚ್ಚಿದ ಕೂಡ್ಲೇ ಮುಂದ ಕಾಣತಾವ ನೋಡು.”

ಮುಂದೆ ಕಾಣುತ್ತವೆ! ಅಂದರೆ ಡೆಸ್ಕ್‌ಟಾಪ್. ‘ಅವ್ವನ ಹಾಡು’ ಎಂಬ ಫೋಲ್ಡರ್ ಅಲ್ಲೇ ಇತ್ತು, ಫೋಟೊಗಳು ಪಿಕ್ಚರ್ಸ್‌ನಲ್ಲಿ. ಡಿ ಡ್ರೈವ್ ತೆರೆದು ನೋಡಿದರೆ ಅದರಲ್ಲಿದ್ದದ್ದು ನಾಲ್ಕು ಹಳೆ ಸಿನಿಮಾ. ಆ ಹೊತ್ತು ಆ ಹುಡುಗನಿಗೆ “ಇವತ್ತ ಬ್ಯಾಡಪಾ, ನಾಳೆ ಬಾ” ಎಂದು ಚಾ ಕುಡಿಸಿ ಕಳಿಸಿದೆವು.

<b>ಎತ್ತಿಡುವ ಕೆಲಸ</b>

ನಿಮಗೂ ನಾನು ಹೇಳುವುದು ಅದೇ. ಫೈಲು ಎತ್ತಿಡುವ ದಿನ ಬೇರೆ, ವಿಂಡೋಸ್ ಹಾಕುವ ದಿನ ಬೇರೆ ಇರಲಿ. ಎರಡನ್ನೂ ಒಂದೇ ದಿನ ಮಾಡಹೊರಟರೆ ರಿಪೇರಿಯವನಿಗೆ ಅವಸರ, ನಮಗೆ ಒಲೆ ಮೇಲಿನ ಹಾಲಿನ ಚಿಂತೆ.

ಮೊದಲು ಒಂದು ಹಾಳೆ, ಪೆನ್ನು ತಗೊಂಡು ಕೂತು ಏನೇನು ಬೇಕು ಎಂದು ಪಟ್ಟಿ ಮಾಡಿ. ಫೋಟೊ, ವಿಡಿಯೊ ಎಲ್ಲರಿಗೂ ನೆನಪಿರುತ್ತವೆ. ಮರೆಯುವುದು ಬೇರೆಯವು. ಮನೆಯವರು ಅಂಗಡಿ ಲೆಕ್ಕ ಟ್ಯಾಲಿಯಲ್ಲಿ ಇಡುತ್ತಿದ್ದರೆ ಟ್ಯಾಲಿಯೊಳಗೇ ‘ಬ್ಯಾಕಪ್’ ಎಂಬ ವ್ಯವಸ್ಥೆ ಇದೆ, ಅದರಿಂದಲೇ ತೆಗೆಯಿರಿ. ಔಟ್‌ಲುಕ್‌ನಲ್ಲಿ ಮೇಲ್ ನೋಡುತ್ತಿದ್ದರೆ ಆ ಹಳೆ ಪತ್ರಗಳು ಕಂಪ್ಯೂಟರಿನಲ್ಲೇ ಒಂದು ಫೈಲಾಗಿ ಕೂತಿರಬಹುದು. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳು, ಮಗನ ಪ್ರಾಜೆಕ್ಟು, ನೀವೇ ಸ್ಕ್ಯಾನ್ ಮಾಡಿಸಿದ ಮಾರ್ಕ್ಸ್ ಕಾರ್ಡು, ಮನೆ ಪತ್ರ... ಬರೆಯುತ್ತ ಹೋದಂತೆ ನೆನಪಾಗುತ್ತವೆ.

ಇನ್ನೊಂದು, ಮದುವೆಯ ಸಿ.ಡಿ., ಡಿ.ವಿ.ಡಿ.ಗಳು! ಬೀರುವಿನ ಸೀರೆ ಮಡಿಕೆಯಡಿ ಇವೆಯಲ್ಲ, ಅವು. ಈಗಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಅವನ್ನು ಹಾಕುವ ಜಾಗವೇ ಇರುವುದಿಲ್ಲ. ಹಳೆ ಕಂಪ್ಯೂಟರಿನಲ್ಲಿ ಆ ಡ್ರೈವ್ ಇನ್ನೂ ನಡೆಯುತ್ತಿದ್ದರೆ ಅದು ಪುಣ್ಯ. ಅವುಗಳ ನಕಲನ್ನೂ ಈಗಲೇ ಇಳಿಸಿಕೊಳ್ಳಿ. ಕಾಲ ಕಳೆದಂತೆ ತಟ್ಟೆಯ ಪದರ ಕೆಟ್ಟು ಓದದಂತಾಗುತ್ತವೆ.

ಇವೆಲ್ಲ ಎಲ್ಲಿ ಇಡಬೇಕು? ಹೊರಗಿನಿಂದ ಜೋಡಿಸುವ ಹಾರ್ಡ್ ಡಿಸ್ಕ್ ಒಂದು ಕೊಳ್ಳಿ, ಪೆನ್‌ಡ್ರೈವ್‌ಗಿಂತ ಅದು ವಾಸಿ. ಗೊತ್ತಿರುವ ಅಂಗಡಿಯಲ್ಲಿ, ಬಿಲ್ಲು ಸಮೇತ. ‘2 ಟಿ.ಬಿ. ಪೆನ್‌ಡ್ರೈವ್, ಕೆಲವೇ ನೂರು ರೂಪಾಯಿ’ ಎಂಬ ಜಾಹೀರಾತು ನೋಡಿ ಮರುಳಾಗಬೇಡಿ. ಅವುಗಳಲ್ಲಿ ಬಹಳಷ್ಟು ನಕಲಿ. ಇರುವುದು ಸ್ವಲ್ಪ ಜಾಗ, ತೋರಿಸುವುದು ಜಾಸ್ತಿ. ತುಂಬಿದ ಮೇಲೆ ಹಾಕಿದ ಫೈಲು ಕಾಪಿ ಆದಂತೆ ಕಾಣುತ್ತದೆ, ಆಮೇಲೆ ತೆರೆದರೆ ಏನೂ ಇರುವುದಿಲ್ಲ.

ದೊಡ್ಡ ವಿಡಿಯೊ ಕಾಪಿ ಮಾಡುವಾಗ ‘ಫೈಲು ಬಹಳ ದೊಡ್ಡದು’ ಎಂದು ಪೆನ್‌ಡ್ರೈವ್ ಹಟ ಹಿಡಿದರೆ ಜಾಗ ಸಾಲದೆಂದು ತಿಳಿಯಬೇಡಿ. ‘ಫ್ಯಾಟ್ 32’ ಎಂಬ ಹಳೆ ಪದ್ಧತಿಯಲ್ಲಿ ಸಿದ್ಧವಾದ ಪೆನ್‌ಡ್ರೈವ್ 4 ಜಿ.ಬಿ.ಗಿಂತ ದೊಡ್ಡ ಫೈಲನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಪೆನ್‌ಡ್ರೈವ್ ಖಾಲಿ ಇದ್ದಾಗ ಅದನ್ನು ‘ಎಕ್ಸ್ ಫ್ಯಾಟ್’ ಎಂಬ ಪದ್ಧತಿಗೆ ಬದಲಿಸಿಕೊಂಡರೆ ಸರಿಹೋಗುತ್ತದೆ.

ಹಳೆ ಕಂಪ್ಯೂಟರಿನ ಯು.ಎಸ್.ಬಿ. ನಿಧಾನ. 100 ಜಿ.ಬಿ. ಫೋಟೊ ಇದ್ದರೆ ಒಂದು ತಾಸಿಗಿಂತ ಹೆಚ್ಚೇ ಹಿಡಿಯುತ್ತದೆ. ಕಾಪಿಗೆ ಹಚ್ಚಿ ರೊಟ್ಟಿ ಬಡಿಯಲು ಹೋಗಿ, ಪರವಾಗಿಲ್ಲ. ಆದರೆ ‘ಕಟ್’ ಮಾಡಬೇಡಿ, ‘ಕಾಪಿ’ಯನ್ನೇ ಮಾಡಿ. ಮಧ್ಯದಲ್ಲಿ ಕರೆಂಟು ಹೋದರೂ ಮೂಲ ಇದ್ದಲ್ಲೇ ಇರುತ್ತದೆ.

ಕಾಪಿ ಆಯಿತು. ಕೆಲಸ ಮುಗಿಯಿತೇ? ಇಲ್ಲ! ಮೂಲ ಫೋಲ್ಡರಿನ ಮೇಲೆ ಮೌಸಿನ ಬಲ ಗುಂಡಿ ಒತ್ತಿ ‘ಪ್ರಾಪರ್ಟೀಸ್’ ನೋಡಿ. ಎಷ್ಟು ಫೈಲು ಎಂದು ತೋರಿಸುತ್ತದೆ. ನಕಲಿನದ್ದೂ ನೋಡಿ. ಎರಡೂ ಸಂಖ್ಯೆ ಒಂದೇ ಇರಬೇಕು. ಆಮೇಲೆ ಆ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಜೋಡಿಸಿ, ಅಲ್ಲೊಂದು ಇಲ್ಲೊಂದು ಫೋಟೊ, ಒಂದೆರಡು ವಿಡಿಯೊ ತೆರೆದು ನೋಡಿ. ಕುಕ್ಕರ್ ಸೀಟಿ ಹೊಡೆದರೂ ಒಂದು ಅಗುಳು ಹಿಸುಕಿ ನೋಡುತ್ತೇವಲ್ಲ, ಹಾಗೆ.

ಎರಡನೆಯ ನಕಲು ಇನ್ನೊಂದು ಮನೆಯಲ್ಲಿರಲಿ. ಇದು ಅತಿಯಾಯಿತು ಎನ್ನಬೇಡಿ. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಜಲಾಶಯದಿಂದ ನೀರು ಬಿಟ್ಟು ಮಲಪ್ರಭೆ ಉಕ್ಕಿದಾಗ ರಾಮದುರ್ಗದಲ್ಲಿ ಹೊಳೆ ಮನೆಗಳೊಳಗೇ ಬಂತು. ಜೀವ ಉಳಿಸಿಕೊಂಡು ಉಟ್ಟ ಬಟ್ಟೆಯಲ್ಲಿ ಓಡುವಾಗ ಯಾರು ಕಂಪ್ಯೂಟರ್ ನೋಡುತ್ತಾರೆ? ಮೂಲವೂ ನಕಲೂ ಒಂದೇ ಕಪಾಟಿನಲ್ಲಿದ್ದರೆ ಎರಡೂ ಒಟ್ಟಿಗೇ ಹೋಗುತ್ತವೆ. ತಂಗಿಯ ಮನೆಯಲ್ಲೋ, ಮಗನ ಮನೆಯಲ್ಲೋ ಒಂದು ಡಿಸ್ಕ್ ಇಡಿ. ಬಹಳ ಮುಖ್ಯವಾದ ಕೆಲವನ್ನು ಗೂಗಲ್ ಡ್ರೈವ್‌ಗೂ ಹಾಕಬಹುದು, ಜಿಮೇಲ್ ಖಾತೆ ಇದ್ದವರಿಗೆ ಅಲ್ಲಿ 15 ಜಿ.ಬಿ. ಜಾಗ ಪುಕ್ಕಟೆ. ಆದರೆ ನಿಮ್ಮ ಮೇಲ್, ಮೊಬೈಲಿನ ಫೋಟೊ ಎಲ್ಲದಕ್ಕೂ ಸೇರಿ ಅಷ್ಟೇ, ನೆನಪಿರಲಿ.

<b>ಕನ್ನಡ ಫೈಲುಗಳ ಕಥೆಯೇ ಬೇರೆ</b>

ಈ ಸಂಗತಿಯನ್ನು ಇಂಗ್ಲಿಷ್ ಪುಸ್ತಕಗಳು ಹೇಳುವುದಿಲ್ಲ, ರಿಪೇರಿಯವರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ. ನಮ್ಮ ಕಾಕಾನ ಹಾಡುಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಪರೀಕ್ಷೆಗೆಂದು ನನ್ನ ಲ್ಯಾಪ್‌ಟಾಪ್‌ನಲ್ಲಿ ತೆರೆದರೆ ಕನ್ನಡವೇ ಇಲ್ಲ! ಇಂಗ್ಲಿಷ್ ಅಕ್ಷರ, ಕೊಂಬು, ಚುಕ್ಕೆಗಳ ಕಲಸುಮೇಲೋಗರ. ಚಿಗವ್ವನ ಮುಖ ಸಣ್ಣದಾಯಿತು. “ಹಾಳಾತೇನವಾ ಎಲ್ಲಾ?”

ಹಾಳಾಗಿರಲಿಲ್ಲ. ಕಾರಣ ಹೀಗಿದೆ. ಕನ್ನಡ ಗಣಕ ಪರಿಷತ್ತಿನ ‘ನುಡಿ’, ಶೇಷಾದ್ರಿವಾಸು ಅವರು 1998ರಲ್ಲಿ ಕೊಟ್ಟ ‘ಬರಹ’, ಅಚ್ಚುಕೂಟದವರು ಬಳಸುತ್ತಿದ್ದ ‘ಶ್ರೀಲಿಪಿ’, ಇವುಗಳ ಹಳೆ ಫಾಂಟುಗಳು ಒಂದು ಉಪಾಯ ಮಾಡಿದ್ದವು. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಆ ಫಾಂಟ್ ಕಂಪ್ಯೂಟರಿನಲ್ಲಿ ಇರುವವರೆಗೆ ಕನ್ನಡ ಕಾಣುತ್ತದೆ. ಫಾಂಟ್ ಇಲ್ಲದಿದ್ದರೆ ಮನೆಯ ಮೂಲ ಮಾಲೀಕ, ಇಂಗ್ಲಿಷ್ ಅಕ್ಷರ, ಇಣುಕುತ್ತಾನೆ. ಈಗ ಮೊಬೈಲಿನಲ್ಲಿ ನಾವು ಬಳಸುವುದು ಯೂನಿಕೋಡ್. ಅದರಲ್ಲಿ ಕನ್ನಡ ಅಕ್ಷರಗಳಿಗೆ ಅವುಗಳದೇ ಸಂಖ್ಯೆ ಇದೆ, ಎಲ್ಲಿ ತೆರೆದರೂ ಕನ್ನಡವೇ.

ಹೊಸ ವಿಂಡೋಸ್‌ನಲ್ಲಿ ಯೂನಿಕೋಡ್ ಕನ್ನಡ ತಾನಾಗಿ ಇರುತ್ತದೆ, ಹಳೆ ನುಡಿ ಫಾಂಟ್ ಇರುವುದಿಲ್ಲ. ಆದ್ದರಿಂದ ಫೈಲಿನ ಜೊತೆಗೆ ಫಾಂಟನ್ನೂ ಎತ್ತಿಡಬೇಕು. ಉಪ್ಪಿನಕಾಯಿ ಭರಣಿ ಒಯ್ದು ಮುಚ್ಚಳ ಬಿಟ್ಟು ಬಂದರೆ ಹೇಗೆ? ಸಿ ಡ್ರೈವ್ ತೆರೆದು, ಅದರಲ್ಲಿ ‘ವಿಂಡೋಸ್’, ಅದರಲ್ಲಿ ‘ಫಾಂಟ್ಸ್’ ಎಂಬ ಫೋಲ್ಡರಿಗೆ ಹೋಗಿ. ನುಡಿ ಎಂದೋ, ಬಿ.ಆರ್.ಎಚ್. ಎಂದೋ ಶುರುವಾಗುವ ಹೆಸರುಗಳನ್ನೆಲ್ಲ ಆರಿಸಿ ಡಿಸ್ಕಿಗೆ ಕಾಪಿ ಮಾಡಿ. ಹೊಸ ವ್ಯವಸ್ಥೆಯಲ್ಲಿ ಆ ಫಾಂಟಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ ‘ಇನ್‌ಸ್ಟಾಲ್’ ಒತ್ತಿದರೆ ಮುಗಿಯಿತು. ನನ್ನ ಲ್ಯಾಪ್‌ಟಾಪ್‌ನಲ್ಲಿ ಹಾಗೆ ಮಾಡಿ ಫೈಲು ಮತ್ತೆ ತೆರೆದಾಗ ಮೊದಲ ಸಾಲಿನಲ್ಲೇ ಕಲ್ಲವ್ವನಿಗೆ ಕೈಮುಗಿಯುವ ಬೀಸುವ ಹಾಡು! ಚಿಗವ್ವ ಕನ್ನಡಕ ಏರಿಸಿಕೊಂಡು, ತೆರೆಗೆ ಬೆರಳು ಹಚ್ಚಿ, ದನಿ ತೆಗೆದು ಓದಿದಳು. ಓದಿದಳು ಎಂದರೆ ತಪ್ಪು, ಹಾಡಿದಳು.

ಇನ್ನೊಂದು ಉಪಾಯ ಇದಕ್ಕಿಂತ ಭದ್ರ. ಹಳೆ ಕಂಪ್ಯೂಟರಿನಲ್ಲಿ ಕನ್ನಡ ಸರಿಯಾಗಿ ಕಾಣುತ್ತಿರುವಾಗಲೇ ಮುಖ್ಯ ಫೈಲುಗಳನ್ನು ಪಿ.ಡಿ.ಎಫ್. ಮಾಡಿಬಿಡಿ. ಪಿ.ಡಿ.ಎಫ್. ಸಾಮಾನ್ಯವಾಗಿ ಫಾಂಟನ್ನು ತನ್ನೊಳಗೇ ಕಟ್ಟಿಕೊಂಡು ಹೋಗುತ್ತದೆ. ಒಂದು ಪ್ರಿಂಟ್ ತೆಗೆಸಿಟ್ಟರೆ ಇನ್ನೂ ಒಳ್ಳೆಯದು. ಹಳೆ ಬರಹವನ್ನು ಯೂನಿಕೋಡ್‌ಗೆ ಪರಿವರ್ತಿಸುವ ತಂತ್ರಾಂಶಗಳೂ ಸಿಗುತ್ತವೆ. ಆದರೆ ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ತಪ್ಪುತ್ತವೆ. ಪರಿವರ್ತಿಸಿದ್ದನ್ನು ಕೂತು ತಿದ್ದಬೇಕು, ಮೂಲವನ್ನು ಮಾತ್ರ ಅಳಿಸಬಾರದು.

<b>ಈಗ ಯಾವ ದಾರಿ?</b>

ಫೈಲು ಭದ್ರವಾದ ಮೇಲೆ ವಿಂಡೋಸ್ ವಿಚಾರ ಅರ್ಧ ಹಗುರ. ನಿಮ್ಮದು ವಿಂಡೋಸ್ 10 ಇರುವ, 2018ರ ನಂತರದ ಮಾದರಿಯ ಕಂಪ್ಯೂಟರ್ ಆಗಿದ್ದರೆ ವಿಂಡೋಸ್ 11 ಹತ್ತುವ ಸಾಧ್ಯತೆ ಹೆಚ್ಚು. 4 ಜಿ.ಬಿ. ರ್‍ಯಾಮ್, 64 ಜಿ.ಬಿ. ಜಾಗ, ಟಿ.ಪಿ.ಎಂ. 2.0 ಎಂಬ ಭದ್ರತಾ ವ್ಯವಸ್ಥೆ, ಇಂಟೆಲ್ ಆದರೆ ಎಂಟನೇ ತಲೆಮಾರಿನ ಅಥವಾ ಆಮೇಲಿನ ಪ್ರೊಸೆಸರ್ ಬೇಕು. ಮೈಕ್ರೋಸಾಫ್ಟ್‌ನದೇ ‘ಪಿ.ಸಿ. ಹೆಲ್ತ್ ಚೆಕ್’ ಎಂಬ ಪುಟ್ಟ ತಂತ್ರಾಂಶ ಇದನ್ನೆಲ್ಲ ತಾನೇ ನೋಡಿ ಹೇಳುತ್ತದೆ. ಅಸಲಿ ವಿಂಡೋಸ್ 10 ಇದ್ದವರಿಗೆ ಈ ಬದಲಾವಣೆಗೆ ದುಡ್ಡಿಲ್ಲ.

ಇಲ್ಲಿ ಫಾರ್ಮ್ಯಾಟ್ ಬೇಕೇ ಇಲ್ಲ! ಸಾಮಾನು ಇದ್ದಲ್ಲೇ ಇಟ್ಟು ಸುಣ್ಣ ಬಳಿದ ಹಾಗೆ, ಇದ್ದ ವಿಂಡೋಸ್ ಮೇಲೇ ಹೊಸದನ್ನು ಏರಿಸಬಹುದು. ಹಾಕುವಾಗ ಒಂದು ಕಡೆ ‘ಏನೇನು ಉಳಿಸಬೇಕು?’ ಎಂದು ಕೇಳುತ್ತದೆ. ಮೂರು ಆಯ್ಕೆ: ಫೈಲು, ಆ್ಯಪ್ ಎರಡೂ ಉಳಿಸು, ಫೈಲು ಮಾತ್ರ ಉಳಿಸು, ಏನೂ ಉಳಿಸಬೇಡ. ಆ ಪುಟ ಬಂದಾಗ ಮೌಸ್ ನಿಮ್ಮ ಕೈಯಲ್ಲಿರಲಿ. ಮೊದಲನೆಯದನ್ನೇ ಆರಿಸಿ. ‘ನಥಿಂಗ್’ ಎಂಬುದರ ಹತ್ತಿರವೂ ಸುಳಿಯಬೇಡಿ. ಇಷ್ಟವಾಗದಿದ್ದರೆ 10 ದಿನಗಳೊಳಗೆ ಹಳೆಯದಕ್ಕೆ ಮರಳುವ ಅವಕಾಶವೂ ಇದೆ. ಅದಕ್ಕೆಂದೇ ಸಿ ಡ್ರೈವ್‌ನಲ್ಲಿ ‘ವಿಂಡೋಸ್ ಡಾಟ್ ಓಲ್ಡ್’ ಎಂಬ ದೊಡ್ಡ ಫೋಲ್ಡರ್ ಇರುತ್ತದೆ. ಜಾಗ ತಿನ್ನುತ್ತದೆಂದು ಅವಸರ ಮಾಡಿ ಅಳಿಸಬೇಡಿ.

ವಿಂಡೋಸ್ 7ರಿಂದ ನೇರ 11ಕ್ಕೆ ಹೀಗೆ ಎಲ್ಲ ಉಳಿಸಿಕೊಂಡು ಹಾರಲು ಆಗುವುದಿಲ್ಲ. 7ರ ಕೀಯಿಂದಲೇ ಪುಕ್ಕಟೆಯಾಗಿ ಹೊಸ ವಿಂಡೋಸ್ ಚಾಲೂ ಮಾಡಿಕೊಳ್ಳುವ ದಾರಿಯನ್ನೂ ಕಂಪನಿ 2023ರಲ್ಲಿ ಮುಚ್ಚಿತು. “ಅಕ್ಕಾರ, ನಾ ಸಸ್ತಾದಾಗ ಹಾಕಿ ಕೊಡ್ತೀನ್ರಿ” ಎಂದು ರಿಪೇರಿಯವರು ಹಾಕುವುದು ಬಹುತೇಕ ಕದ್ದ ಪ್ರತಿ. ಬ್ಯಾಂಕ್ ಪಾಸ್‌ವರ್ಡ್ ಬರೆಯುವ ಯಂತ್ರದಲ್ಲಿ ಅದು ನನಗಂತೂ ಸರಿ ಕಾಣುವುದಿಲ್ಲ.

ಚಿಗವ್ವನ ಕಂಪ್ಯೂಟರಿಗೆ ವಿಂಡೋಸ್ 11 ಹತ್ತುವ ಮಾತೇ ಇರಲಿಲ್ಲ. ಹುಡುಗ ಮರುದಿನ ಬಂದಾಗ ನಾವು ಆರಿಸಿದ್ದು ಲಿನಕ್ಸ್ ಮಿಂಟ್. ಇದು ಪುಕ್ಕಟೆ, ಕದ್ದದ್ದಲ್ಲ. 2 ಜಿ.ಬಿ. ರ್‍ಯಾಮ್ ಇದ್ದರೂ ನಡೆಯುತ್ತದೆ, 4 ಜಿ.ಬಿ. ಇದ್ದರೆ ಸಲೀಸು. ಲಿನಕ್ಸ್ ಎಂದರೆ ಪಂಡಿತರಿಗಷ್ಟೇ ಎಂಬ ಹೆದರಿಕೆ ಬಿಡಿ. ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳೂ ಸೇರಿದಂತೆ ಕೇರಳದ ಸರಕಾರಿ ಶಾಲೆಗಳಲ್ಲಿ ಮಕ್ಕಳು ಕಂಪ್ಯೂಟರ್ ಕಲಿಯುವುದೇ ಲಿನಕ್ಸ್‌ನಲ್ಲಿ. ಪೆನ್‌ಡ್ರೈವ್‌ನಿಂದಲೇ ಚಾಲೂ ಮಾಡಿ, ಹಾರ್ಡ್ ಡಿಸ್ಕ್ ಮುಟ್ಟದೆ, ಒಂದೆರಡು ದಿನ ಬಳಸಿ ನೋಡಬಹುದು. ವಿಂಡೋಸ್ ಪೂರ್ತಿ ಕೆಟ್ಟು ಕಂಪ್ಯೂಟರ್ ತೆರೆಯದೇ ಇದ್ದಾಗಲೂ ಹೀಗೆ ಪೆನ್‌ಡ್ರೈವ್‌ನಿಂದ ಒಳಹೊಕ್ಕು ಫೋಟೊಗಳನ್ನು ಹೊರತರಬಹುದು. ಟ್ಯಾಲಿಯಂಥ ವಿಂಡೋಸ್ ತಂತ್ರಾಂಶ ಬೇಕೇ ಬೇಕೆನ್ನುವವರಿಗೆ ಮಾತ್ರ ಇದು ಒಗ್ಗದು.

<b>ಹಾಕುವ ದಿನ</b>

ನನ್ನ ಕೇಳಿದರೆ ಅತ್ಯಂತ ನೆಮ್ಮದಿಯ ದಾರಿ ಒಂದಿದೆ. ಹಳೆ ಹಾರ್ಡ್ ಡಿಸ್ಕಿಗೆ ಕೈಯನ್ನೇ ಹಚ್ಚದೆ, ಅದನ್ನು ಬಿಚ್ಚಿಸಿ ನಿಮ್ಮ ಕೈಗೆ ತೆಗೆದುಕೊಳ್ಳಿ. ಅದರ ಜಾಗದಲ್ಲಿ ಎಸ್.ಎಸ್.ಡಿ. ಎಂಬ ಹೊಸ ಬಗೆಯ ಡಿಸ್ಕ್ ಹಾಕಿಸಿ, ಹೊಸ ವ್ಯವಸ್ಥೆಯನ್ನು ಅದರಲ್ಲಿ ಕೂರಿಸಲಿ. ಒಳಗೆ ತಿರುಗುವ ತಟ್ಟೆ ಇಲ್ಲದ್ದರಿಂದ ಅದು ಬಹಳ ಚುರುಕು. ಆನ್ ಮಾಡಿ ಚಾ ಮಾಡಿಕೊಂಡು ಬರುವವರೆಗೆ ಕಾಯಬೇಕಿದ್ದ ಕಂಪ್ಯೂಟರ್ ಒಂದು ನಿಮಿಷದೊಳಗೇ ತೆರೆದುಕೊಳ್ಳುತ್ತದೆ. ಚಿಗವ್ವನ ಕಂಪ್ಯೂಟರಿಗೆ ಮಾಡಿಸಿದ್ದೂ ಇದನ್ನೇ. ಹಳೆ ಡಿಸ್ಕನ್ನು ಆಮೇಲೆ ಒಂದು ಪೆಟ್ಟಿಗೆಯಂಥ ಕೇಸ್‌ನಲ್ಲಿ ಹಾಕಿ ಯು.ಎಸ್.ಬಿ. ವೈರಿನಿಂದ ಜೋಡಿಸಿದರೆ ಅದರಲ್ಲಿದ್ದದ್ದೆಲ್ಲ ಕಾಣುತ್ತದೆ. ಡೆಸ್ಕ್‌ಟಾಪ್ ಕಂಪ್ಯೂಟರಿನ ದೊಡ್ಡ ಡಿಸ್ಕ್ ಆದರೆ ಕೇಸ್‌ಗೆ ಪ್ರತ್ಯೇಕ ಕರೆಂಟಿನ ವೈರೂ ಬೇಕು, ಅಂಗಡಿಯಲ್ಲಿ ಕೇಳಿ ಕೊಳ್ಳಿ.

ಕಂಪ್ಯೂಟರನ್ನು ಅಂಗಡಿಗೆ ಒಯ್ಯಬೇಕಾದರೂ ಡಿಸ್ಕ್ ಬಿಚ್ಚಿಸಿಕೊಂಡೇ ಕಳಿಸಿ. ಹೆಣ್ಣುಮಕ್ಕಳ ಫೋಟೊ ತುಂಬಿದ ಡಿಸ್ಕು ಗೊತ್ತಿಲ್ಲದ ಕಡೆ ಎರಡು ದಿನ ಯಾಕೆ ಇರಬೇಕು?

ಮನೆಯಲ್ಲೇ ಹಾಕುವುದಾದರೆ ಕರೆಂಟಿನ ವೇಳೆ ನೋಡಿಕೊಳ್ಳಿ. ಯು.ಪಿ.ಎಸ್. ಇಲ್ಲದ ಮನೆಯಲ್ಲಿ ಮಳೆ ಮೋಡ ಕವಿದ ಸಂಜೆ ಈ ಕೆಲಸಕ್ಕೆ ಕೂರಬಾರದು. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ತುಂಬಿಸಿ, ಚಾರ್ಜರ್ ಹಚ್ಚಿಯೇ ಇಡಿ. ನಕಲು ಮಾಡಿದ ಡಿಸ್ಕನ್ನು ಕಂಪ್ಯೂಟರಿನಿಂದ ತೆಗೆದು ಬೇರೆ ಕೋಣೆಯಲ್ಲಿಡಿ. ಜೋಡಿಸಿಯೇ ಬಿಟ್ಟರೆ ತಪ್ಪಿ ಅದನ್ನೇ ತೊಳೆದಾರು!

ಹೊಸ ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್ ಖಾತೆ ಹಾಕಿ ಒಳಹೋದರೆ ಎಷ್ಟೋ ಕಂಪ್ಯೂಟರುಗಳಲ್ಲಿ ಡಿಸ್ಕಿಗೆ ತಾನಾಗಿ ಗುಪ್ತ ಬೀಗ ಬೀಳುತ್ತದೆ. ಅದರ ಕೀಲಿ 48 ಅಂಕಿಗಳ ಒಂದು ಸಂಖ್ಯೆ. ಮುಂದೊಂದು ದಿನ ಕಂಪ್ಯೂಟರ್ ಅದನ್ನು ಕೇಳಿದಾಗ ಇಲ್ಲದಿದ್ದರೆ ನಿಮ್ಮ ಫೋಟೊ ನಿಮಗೇ ಸಿಗುವುದಿಲ್ಲ. ನಿಮ್ಮ ಖಾತೆಯ ಪುಟದಲ್ಲಿ ಅದು ಇರುತ್ತದೆ. ನೋಡಿ ಬರೆದುಕೊಂಡು, ಗ್ಯಾಸ್ ಪುಸ್ತಕ, ವಿಮೆ ಪತ್ರ ಇಡುವ ಜಾಗದಲ್ಲಿ ಇಡಿ. ಖಾತೆ ಯಾರ ಹೆಸರಿನಲ್ಲಿದೆ, ಪಾಸ್‌ವರ್ಡ್ ಏನು ಎಂಬುದೂ ನಿಮಗೆ ಗೊತ್ತಿರಲಿ. ರಿಪೇರಿಯವರು ತಮ್ಮದೇ ಮೇಲ್ ವಿಳಾಸ ಹಾಕಿ ಹೋದರೆ ಕೀಲಿಯೂ ಅವರ ಖಾತೆಯಲ್ಲೇ ಉಳಿಯುತ್ತದೆ.

<b>ಈಗಾಗಲೇ ಹೋಗಿದ್ದರೆ?</b>

ಇದನ್ನು ಓದುತ್ತ “ಅಯ್ಯೋ, ನಮ್ಮದು ಹೋದ ವಾರವೇ ಫಾರ್ಮ್ಯಾಟ್ ಆಯಿತಲ್ಲ” ಎನ್ನುವವರೂ ಇರಬಹುದು. ಕೂಡಲೇ ಕಂಪ್ಯೂಟರ್ ಆಫ್ ಮಾಡಿ. ಹಳೆ ಬಗೆಯ ಹಾರ್ಡ್ ಡಿಸ್ಕಿನಲ್ಲಿ ಅವಸರದ ಫಾರ್ಮ್ಯಾಟ್ ಎಂದರೆ ಪುಸ್ತಕದ ವಿಷಯಸೂಚಿ ಹರಿದ ಹಾಗೆ, ಪುಟಗಳು ಹಾಗೇ ಇರುತ್ತವೆ. ಮೇಲೆ ಹೊಸದು ಬರೆದಂತೆಲ್ಲ ಅವು ಅಳಿಯುತ್ತ ಹೋಗುತ್ತವೆ. ಸಿನಿಮಾ ಇಳಿಸುವುದು, ಹೊಸ ತಂತ್ರಾಂಶ ಹಾಕುವುದು ಪೂರ್ತಿ ನಿಲ್ಲಲಿ. ಡಿಸ್ಕನ್ನು ಬಿಚ್ಚಿಸಿ ಬೇರೆ ಕಂಪ್ಯೂಟರಿಗೆ ಜೋಡಿಸಿ ‘ಫೋಟೊರೆಕ್’, ‘ರೆಕುವಾ’ದಂಥ ತಂತ್ರಾಂಶದಿಂದ ಹುಡುಕಿಸಬಹುದು. ಸಿಕ್ಕದ್ದನ್ನು ಅದೇ ಡಿಸ್ಕಿಗೆ ಉಳಿಸಬಾರದು. ಫೋಟೊಗಳು ಬಂದರೂ ಫೈಲಿನ ಹೆಸರು ಹೋಗಿರಬಹುದು, ಕೂತು ಆರಿಸಬೇಕಾಗುತ್ತದೆ. ಎಸ್.ಎಸ್.ಡಿ. ಆಗಿದ್ದರೆ ಈ ಆಸೆ ಬಹಳ ಕಡಿಮೆ. ಅದು ಅಳಿಸಿದ ಜಾಗವನ್ನು ತಾನೇ ಖಾಲಿ ಮಾಡಿಕೊಳ್ಳುತ್ತದೆ.

ಎಲ್ಲ ಸರಿಯಾಗಿ ನಡೆದು ಹೊಸ ವ್ಯವಸ್ಥೆಯಲ್ಲಿ ಫೋಟೊ, ಫೈಲು ತೆರೆದಿವೆ ಎನ್ನಿ. ಹಳೆ ಡಿಸ್ಕನ್ನು ಕಡಿಮೆಯೆಂದರೂ ಮೂರು ತಿಂಗಳು ಮುಟ್ಟಬೇಡಿ. ‘ಅದೊಂದು ಇತ್ತಲ್ಲ’ ಎಂದು ನೆನಪಾಗುವುದೇ ಆಮೇಲೆ. ಹಳೆ ಸೀರೆಯ ತುಂಡಿನಲ್ಲಿ ಸುತ್ತುವುದಕ್ಕಿಂತ ಅದು ಬಂದ ಪ್ಲಾಸ್ಟಿಕ್ ಚೀಲದಲ್ಲಿ, ತೇವ ತಾಗದ ಕಡೆ ಇಡಿ. ಮೇಲೊಂದು ಚೀಟಿ ಅಂಟಿಸಿ: ಯಾರ ಕಂಪ್ಯೂಟರಿನದು, ಯಾವ ವರ್ಷದವರೆಗಿನ ಫೈಲು, ತೆಗೆದ ತಾರೀಖು. ಚಿಗವ್ವ ಅಂಟಿಸಿದ ಚೀಟಿಯಲ್ಲಿ ಇಷ್ಟೇ ಇದೆ: ‘ಮಾಸ್ತರರದು. ಹಾಡು, ಫೋಟೊ. ಯಾರೂ ಫಾರ್ಮ್ಯಾಟ್ ಹೊಡಿಬ್ಯಾಡ್ರಿ.’